ಕೋವಿ ಕರಗಿಸುವ ಮೊದಲು ಅದರ ಮೈಮೇಲಿನ ಅಕ್ಷರ ಓದಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಈ ಪತ್ರ ಕೊಳೆರೋಗದ ಪರಿಹಾರಕ್ಕಲ್ಲ, ರಸ್ತೆ ಹೊಂಡಕ್ಕೂ ಅಲ್ಲ. ಹಳೇ ಕೋವಿಗಳ ಬಗ್ಗೆ. ಹೆದರಬೇಡಿ, ಹೊಸ ಲೈಸೆನ್ಸ್ ಕೇಳುತ್ತಿಲ್ಲ. ಜನ ವಾಪಸ್ ಒಪ್ಪಿಸುತ್ತಿರುವ ಕೋವಿಗಳನ್ನು ನಾಶ ಮಾಡುವ ಮೊದಲು ಒಮ್ಮೆ ಸರಿಯಾಗಿ ನೋಡಿ, ಬರೆದಿಟ್ಟುಕೊಳ್ಳಿ ಎಂದು ಕೇಳುತ್ತಿದ್ದೇನೆ ಅಷ್ಟೇ.

ನಮ್ಮ ಮನೆ ಕೋವಿಯಿಂದಲೇ ಶುರು ಮಾಡುತ್ತೇನೆ. ಅಜ್ಜನ ಕಾಲದ್ದು, ಒಂಟಿ ನಳಿಗೆ, ಬಾಯಿಂದ ಮದ್ದು ತುಂಬಿ, ಕಿಡಿಗೆ ಪುಟ್ಟ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ. ಉದ್ದ ನಾಲ್ಕೂವರೆ ಅಡಿಯ ಮೇಲೆ ಒಂದಂಗುಲ. ಚಿಕ್ಕವನಿದ್ದಾಗ ಅದರ ಹತ್ತಿರ ಹೋದರೆ ಸಾಕು, ಆಯಿ ಒಳಗಿಂದಲೇ ಕೂಗುತ್ತಿದ್ದಳು, "ತಮಾ, ಅದ್ನ ಮುಟ್ಟಡಾ!" ಮಂಗ ಓಡಿಸಲಿಕ್ಕೆ ವರ್ಷಕ್ಕೆ ನಾಲ್ಕು ಸಲ ಢಂ ಅನ್ನಿಸಿದರೆ ಹೆಚ್ಚು. ಉಳಿದಂತೆ ಅದಕ್ಕೆ ಮರ್ಯಾದೆ ಸಿಗುತ್ತಿದ್ದದ್ದು ಆಯುಧ ಪೂಜೆಯ ದಿನ ಮಾತ್ರ.

ಅಂಥ ಒಂದು ಪೂಜೆಯ ಮರುದಿನವೇ ನನಗೆ ಈ ಹುಚ್ಚು ಹಿಡಿದದ್ದು. ಹಚ್ಚಿದ ಕುಂಕುಮ ಒರೆಸುತ್ತಿದ್ದೆ. ಕೋವಿಯ ಕುದುರೆ, ಅಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆ, ಅದರ ಪಕ್ಕದ ಕಬ್ಬಿಣದ ತಗಡಿನ ಮೇಲೆ ಒರೆಸಿದಷ್ಟೂ ಕೆಂಪು ಗೆರೆ ಉಳಿಯಿತು. ಉಗುರಲ್ಲಿ ಕೆರೆದರೂ ಹೋಗಲಿಲ್ಲ. ಬೆಳಕಿಗೆ ಓರೆ ಹಿಡಿದು ನೋಡಿದರೆ ಕುಂಕುಮ ಕೂತದ್ದು ಅಕ್ಷರದ ಗೀರುಗಳೊಳಗೆ. ಒಂದು ಕಡೆ ಕಿರೀಟ, ಇನ್ನೊಂದು ಕಡೆ 1859 ಮತ್ತು ಇಂಗ್ಲಿಷಿನಲ್ಲಿ 'ಟವರ್'. ನಲವತ್ತು ವರ್ಷ ಅದೇ ಕೋವಿ ನೋಡಿದ್ದೆ, ಓದಿರಲಿಲ್ಲ.

ಟವರ್ ಅಂದರೆ ಲಂಡನ್ನಿನ ಟವರ್. ಬ್ರಿಟಿಷ್ ಸೈನ್ಯಕ್ಕೆ ಕೋವಿ ಮಾಡಿಸಿ, ಪರೀಕ್ಷಿಸಿ, ಮುದ್ರೆ ಒತ್ತುತ್ತಿದ್ದ ವ್ಯವಸ್ಥೆಯ ಗುರುತು ಅದು. ನಳಿಗೆಯನ್ನು ಮರಕ್ಕೆ ಬಿಗಿದ ಮೂರು ಪಟ್ಟಿ, 39 ಇಂಚಿನ ನಳಿಗೆ ನೋಡಿದರೆ ಎನ್‌ಫೀಲ್ಡ್ 1853ರ ಮಾದರಿ. ಕೊಬ್ಬು ಸವರಿದ ತೋಟಾದ ಗಲಾಟೆಯಿಂದ 1857ರಲ್ಲಿ ಉತ್ತರ ಭಾರತಕ್ಕೇ ಬೆಂಕಿ ಬಿತ್ತಲ್ಲ, ಅದೇ ರೈಫಲ್ಲಿನ ಮಾದರಿ. ನನಗೆ ಅರ್ಧ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಒಂದು ತಕರಾರಿತ್ತು. ಆ ರೈಫಲ್ಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ದೂರಕ್ಕೆ ನೇರ ಕಳಿಸುವ ಮೂರು ಸುರುಳಿ ಗೀರು ಇರಬೇಕು. ನಮ್ಮದು ಒಳಗೆ ನುಣ್ಣಗೆ. ಲೇಥ್ ಅಂಗಡಿಯವರಿಂದ ವರ್ನಿಯರ್ ಕ್ಯಾಲಿಪರ್ ಎರವಲು ತಂದು ಅಳೆದೆ. ಮೂಲ ರೈಫಲ್ಲಿನ ಬಾಯಿ .577 ಇಂಚು, ಅಂದರೆ ಹದಿನಾಲ್ಕೂವರೆ ಮಿಲಿಮೀಟರಿಗೆ ಚೂರು ಜಾಸ್ತಿ. ನಮ್ಮದು ಹದಿನೇಳಕ್ಕೆ ಚೂರು ಕಡಿಮೆ. ಹಿಂದಿನ ಗುರಿಗಟ್ಟೆಯೂ ಏರಿಸಿ ಇಳಿಸುವಂಥದ್ದಲ್ಲ, ಸುಮ್ನೆ ಒಂದು ಕಬ್ಬಿಣದ ತುಂಡು. ಆಗ ಗೊತ್ತಾಯಿತು. ದಂಗೆಯ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಗೆ ರೈಫಲ್ ಕೊಡಲು ಹಿಂಜರಿದರು. ನೋಡಲಿಕ್ಕೆ ಎನ್‌ಫೀಲ್ಡ್, ಒಳಗೆ ಗೀರಿಲ್ಲ, ದೂರಕ್ಕೆ ಗುರಿ ಇಲ್ಲ, ಅಂಥದ್ದನ್ನು ಬೇರೆಯೇ ಮಾಡಿಸಿದರು. ನಮ್ಮ ಜಗುಲಿಯ ಮಂಗ ಓಡಿಸುವ ಕೋವಿ, ಸಿಪಾಯಿಯನ್ನು ನಂಬದ ಸರ್ಕಾರ ಮಾಡಿಸಿದ ಕೋವಿ.

ಮರದ ಹಿಡಿಯ ಮೇಲೆ ಇನ್ನೊಂದು ಗುರುತಿದೆ. ಎರಡು ಬಾಣ, ಮೂತಿಗೆ ಮೂತಿ ತಾಗಿಸಿದ ಹಾಗೆ. ಒಂದೇ ಬಾಣ ಇದ್ದರೆ ಸರ್ಕಾರಿ ಮಾಲು. ಎದುರುಬದುರು ಎರಡಿದ್ದರೆ 'ಸರ್ಕಾರದಿಂದ ಬಿಟ್ಟು ಮಾರಿದ್ದು' ಎಂದರ್ಥ. ಅಂದರೆ ಇದು ಕದ್ದದ್ದಲ್ಲ, ಲೂಟಿ ಮಾಡಿದ್ದಲ್ಲ. ಯಾರೋ ದುಡ್ಡು ಕೊಟ್ಟು ತಂದದ್ದು. ಯಾರು?

ಇಲ್ಲಿಂದ ಮುಂದೆ ಕಬ್ಬಿಣ ಮಾತಾಡುವುದಿಲ್ಲ, ಕಾಗದ ಬೇಕು. ಅಜ್ಜನ ಲೈಸೆನ್ಸ್ ಪುಸ್ತಕ ಅಪ್ಪಯ್ಯನ ಪೆಟ್ಟಿಗೆಯಲ್ಲಿತ್ತು. 1941ರದ್ದು, ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ್ದು. ಕಡೇ ಹಾಳೆಯಲ್ಲಿ ಓಟದ ಬರಹದಲ್ಲಿ ಒಂದು ಸಾಲು. ಕುಮಟಾ ಕಡೆಯ ಒಬ್ಬರ ಹೆಸರು, ಅವರಿಂದ ಖರೀದಿ, ರೂ. 25. ದೇವಿಮನೆ ಘಟ್ಟ ಇಳಿದು ಆ ಮನೆ ಹುಡುಕಿದೆ. ಎಂಬತ್ತು ದಾಟಿದ ಅಮ್ಮ ಒಬ್ಬರಿದ್ದರು. ಕೋವಿಯ ಫೋಟೊ ತೋರಿಸಿದರೆ ನೋಡಿ ನಕ್ಕುಬಿಟ್ಟರು. "ಇದಕ್ಕೆ ದುಡ್ಡು ಯಾರು ಕೊಟ್ಟದ್ದು ತಮ್ಮಾ? ನಿಮ್ಮ ಅಜ್ಜ ಕರೆಯುವ ಎಮ್ಮೆ ಹೊಡೆದುಕೊಂಡು ಬಂದು ಬಿಟ್ಟು ಹೋಗಿದ್ದರಂತೆ. ಆ ಎಮ್ಮೆಯ ಸಂತಾನ ಮೊನ್ನೆ ಮೊನ್ನೆವರೆಗೂ ನಮ್ಮ ಕೊಟ್ಟಿಗೆಯಲ್ಲಿತ್ತು."

ಕಾಗದ 25 ರೂಪಾಯಿ ಎನ್ನುತ್ತದೆ, ಅಮ್ಮ ಎಮ್ಮೆ ಎನ್ನುತ್ತಾರೆ. ನಾನು ಎರಡನ್ನೂ ಬರೆದಿಟ್ಟಿದ್ದೇನೆ. ಎಮ್ಮೆಗೆ ಲೈಸೆನ್ಸ್ ಪುಸ್ತಕದಲ್ಲಿ ಕಾಲಂ ಇರಲಿಲ್ಲ, ಪಾಪ.

ಅವರ ಮನೆಯ ಕಾಗದ ಗೆದ್ದಲ ಪಾಲಾಗಿದೆ. ಕೋವಿ ಮಾವನವರ ಕಾಲದಿಂದ ಇತ್ತು ಎನ್ನುವುದಷ್ಟೇ ಅವರಿಗೆ ನೆನಪು. ಅದಕ್ಕೂ ಹಿಂದೆ ಹೋಗಬೇಕಾದರೆ ಉಳಿದಿರುವುದು ಸರ್ಕಾರಿ ರಿಜಿಸ್ಟರ್ ಒಂದೇ. ಹಾಗಾಗಿಯೇ ನಿಮಗೆ ಬರೆಯುತ್ತಿದ್ದೇನೆ.

ಕೊಡಗಿನವರಿಗೆ ಬ್ರಿಟಿಷರು 1861ರಲ್ಲೇ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು. ನಮಗೆ ಸಿಗಲಿಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬೈ ಕೈಗೆ ಹೋಯಿತು, 1878ರಲ್ಲಿ ಶಸ್ತ್ರಾಸ್ತ್ರ ಕಾಯಿದೆ ಬಂತು, ಆಮೇಲೆ ಪ್ರತಿ ಕೋವಿಗೂ ಅರ್ಜಿ, ಹೆಸರು, ಊರು. ಅಜ್ಜಂದಿರು ಇದಕ್ಕೆ ಎಷ್ಟು ಶಾಪ ಹಾಕಿದ್ದರೋ! ಆದರೆ ಈಗ ನೋಡಿದರೆ ಅವರಿಗೆ ಸಿಕ್ಕ ಕಿರುಕುಳವೇ ನಮಗೆ ಉಳಿದ ಆಸ್ತಿ. ವಿನಾಯಿತಿ ಸಿಗದಿದ್ದಕ್ಕೆ ಕಾಗದ ಸಿಕ್ಕಿತು. ಯಾವ ಮನೆಗೆ ಯಾವ ಕೋವಿ ಯಾವಾಗ ಬಂತು ಎನ್ನುವುದು ಎಲ್ಲೋ ಒಂದು ಕಡೆ ಬರೆದಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆ ರಿಜಿಸ್ಟರುಗಳು ಏನಾದವು? ನಾನು ಒಂದು ಕಚೇರಿಯಲ್ಲಿ ಮೂರು ಸಲ ಕೇಳಿದೆ. ಮೊದಲ ಸಲ "ಹುಡುಕಬೇಕು", ಎರಡನೇ ಸಲ "ಮಳೆಗಾಲ ಮುಗೀಲಿ", ಮೂರನೇ ಸಲ "ಅದರಿಂದ ನಿಮಗೇನು ಉಪಯೋಗ?" ಮೂರನೆಯದಕ್ಕೆ ನನ್ನ ಬಳಿಯೂ ಉತ್ತರ ಇರಲಿಲ್ಲ ಬಿಡಿ.

ಸಿಟ್ಟು ಬಂದದ್ದು ಅದಕ್ಕಲ್ಲ, ಇನ್ನೊಂದಕ್ಕೆ.

ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ನಮ್ಮದಕ್ಕಿಂತ ಹಳೆಯ ಕೋವಿಯಿತ್ತು. ಒಮ್ಮೆ ನೋಡಿದ್ದೆ. ತಗಡಿನ ಮೇಲೆ ಹಿಂಗಾಲಲ್ಲಿ ನಿಂತ ಸಿಂಹ, ಮುಂಗಾಲಲ್ಲಿ ಕಿರೀಟ. ಅದು ಈಸ್ಟ್ ಇಂಡಿಯಾ ಕಂಪನಿಯ ಗುರುತು. ಕಂಪನಿ 1808ರ ಸುಮಾರಿಗೆ ಹೃದಯದ ಆಕಾರದ ಹಳೇ ಮುದ್ರೆ ಬಿಟ್ಟು ಸಿಂಹಕ್ಕೆ ಬಂದದ್ದು. ಅವತ್ತು ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ, ಮತ್ತೆ ಬಂದು ಫೋಟೊ ತೆಗೆದರಾಯಿತು ಎಂದುಕೊಂಡೆ. ಯಜಮಾನರು ತೀರಿಕೊಂಡರು. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಲೈಸೆನ್ಸ್ ವರ್ಗಾವಣೆಗೆ ಓಡಾಡುವವರು ಯಾರು? ಕಾನೂನಿನಂತೆ ಠಾಣೆಗೆ ಒಪ್ಪಿಸಿ ಹೋದರು. ಅವರದ್ದು ತಪ್ಪಲ್ಲ. ನಾನು ವಿಚಾರಿಸುವ ಹೊತ್ತಿಗೆ ಮುಟ್ಟುಗೋಲಾದ ಬೇರೆ ಕೋವಿಗಳ ಜೊತೆ ಅದನ್ನೂ ತುಂಡು ಮಾಡಿ ಮುಗಿದಿತ್ತು. ಮಕ್ಕಳ ಹತ್ತಿರ ಉಳಿದದ್ದು ಒಂದು ರಸೀದಿ. ಅದರಲ್ಲಿ ಬರೆದದ್ದು ಇಷ್ಟು: "ಹಳೇ ನಾಡಕೋವಿ 1, ತುಕ್ಕು ಹಿಡಿದದ್ದು."

ನಾಡಕೋವಿ! ಸಮುದ್ರ ದಾಟಿ ಬಂದು, ಇನ್ನೂರು ವರ್ಷ ಬಾಳಿ, ಕಡೆಗೆ ಯಾರೋ ಕಮ್ಮಾರ ಕುಟ್ಟಿ ಮಾಡಿದ್ದು ಎಂದು ಬರೆಸಿಕೊಂಡು ಸತ್ತಿತು.

ಇದು ಒಂದು ಕೋವಿಯ ಮಾತಲ್ಲ. ನಮ್ಮ ಸೀಮೆಯಲ್ಲಿ ಮನೆಗಳು ಖಾಲಿಯಾಗುತ್ತಿರುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಮುದುಕರು ಹೋದ ಹಾಗೆ ಕೋವಿಗಳು ಠಾಣೆಗೆ ಬರುತ್ತವೆ. ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದಾಯಿತು, ವಂಶಪಾರಂಪರ್ಯವಾಗಿ ಬಂದದ್ದೂ ಸೇರಿ. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳುತ್ತಾರೆ? ತೋಟಾ ಹಾಕುವ ಕೆಲಸಕ್ಕೆ ಬರುವಂಥದ್ದನ್ನು. ಬಿಡುವುದು ಅಜ್ಜನ ಕೇಪಿನ ಕೋವಿಯನ್ನೇ. ಇನ್ನು ಚುನಾವಣೆ ಬಂತೆಂದರೆ ಠಾಣೆಯಲ್ಲಿ ಜಮಾ ಮಾಡಿ ಎಂಬ ಕರೆ. ನಮ್ಮ ದೊಡ್ಡಪ್ಪ ಒಬ್ಬರು 'ಸಾಹೇಬರ ಎದುರು ಚೆಂದ ಕಾಣಲಿ' ಎಂದು ಉಪ್ಪುಕಾಗದ ಹಾಕಿ ಉಜ್ಜಿ, ಇದ್ದ ಮುದ್ರೆಯನ್ನೆಲ್ಲ ಅಳಿಸಿ, ಬೆಳ್ಳಿಯ ಹಾಗೆ ಹೊಳೆಸಿಕೊಂಡು ಹೋಗಿದ್ದರು. ಅದನ್ನು ನೋಡಿ ನನಗೆ ಅಳುವೇ ಬಂತು.

ಕಾನೂನು ನಿಮ್ಮ ಕೈ ಕಟ್ಟಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 21ನೇ ಕಲಂ ಪ್ರಕಾರ ಠಾಣೆಗೆ ಒಪ್ಪಿಸಿದ, ಯಾರೂ ವಾಪಸ್ ಪಡೆಯದ ಶಸ್ತ್ರವನ್ನು ಮುಟ್ಟುಗೋಲು ಹಾಕುವ ಆದೇಶ ಹೊರಡುವುದು ಜಿಲ್ಲಾ ದಂಡಾಧಿಕಾರಿಯಿಂದ. ಅಂದರೆ ನಿಮ್ಮಿಂದಲೇ. ಆ ಸಹಿ ಹಾಕುವ ಮುಂಚೆ, ಪ್ರತಿ ಹಳೇ ಕೋವಿಗೂ ಒಂದು ಹಾಳೆ ಇರಲಿ ಎನ್ನುತ್ತೇನೆ. ನಳಿಗೆಯ ಉದ್ದ, ಬಾಯಿಯ ಅಗಲ, ತಗಡಿನ ಮೇಲಿನ ಅಕ್ಷರ, ಮರದ ಮೇಲಿನ ಗುರುತು, ಯಾರ ಮನೆಯಿಂದ ಬಂತು, ಅವರಿಗೆ ಯಾರಿಂದ ಬಂದಿತ್ತು. ಜೊತೆಗೆ ನಾಲ್ಕು ಫೋಟೊ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅಳಿದ ಮುದ್ರೆಯೂ ಎದ್ದು ಕಾಣುತ್ತದೆ. ಒಬ್ಬ ಕಾನ್‌ಸ್ಟೆಬಲ್ಲಿಗೆ ಹತ್ತು ನಿಮಿಷದ ಕೆಲಸ. ಈಗ ಲೈಸೆನ್ಸಿನಲ್ಲಿ 'ಎಸ್‌ಬಿಎಂಎಲ್' ಎಂದು ಬರೆದು ಮುಗಿಸುತ್ತಾರೆ. ಒಂಟಿ ನಳಿಗೆ, ಬಾಯಿಂದ ತುಂಬುವಂಥದ್ದು ಎಂದಷ್ಟೇ ಅದರ ಅರ್ಥ. ಮನುಷ್ಯನ ಬಗ್ಗೆ 'ಎರಡು ಕಾಲು, ಒಂದು ಮೂಗು' ಎಂದು ಬರೆದ ಹಾಗೆ.

ಆ ಪಟ್ಟಿಯನ್ನು ಪುರಾತತ್ವ ಇಲಾಖೆಗೆ ಕಳಿಸಿ. ನೂರು ವರ್ಷ ದಾಟಿದ ವಸ್ತುವನ್ನು 1972ರ ಕಾಯಿದೆ ಪ್ರಾಚ್ಯವಸ್ತು ಎಂದು ನೋಡುತ್ತದೆ. ಹತ್ತರಲ್ಲಿ ಒಂಬತ್ತು ಬೇಡ ಎಂದಾರು. ಅಡ್ಡಿಯಿಲ್ಲ. ಎಲ್ಲ ಹಳೇ ಕೋವಿಯೂ ಅಮೂಲ್ಯ ಎನ್ನುವ ಪೈಕಿ ನಾನಲ್ಲ. ಒಬ್ಬರು ಬೆಂಗಳೂರಿನಿಂದ ಹೆಮ್ಮೆಯಿಂದ ಒಂದನ್ನು ತಂದು ತೋರಿಸಿದ್ದರು. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ 'ವಿ.ಆರ್.', ಪಕ್ಕದಲ್ಲಿ 1907. ರಾಣಿ ತೀರಿಕೊಂಡದ್ದು 1901ರಲ್ಲಿ. ಅಫ್ಘಾನಿಸ್ತಾನದ ಗಡಿಯ ಕಡೆಯ ಯಾವನೋ ಕಮ್ಮಾರ ಮುದ್ರೆ ನಕಲು ಮಾಡುವಾಗ ಪಂಚಾಂಗ ನೋಡಿರಲಿಲ್ಲ! ಗೋಡೆಗೆ ನೇತುಹಾಕಲು ಇಂಥದ್ದಕ್ಕೆ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಅವರ ಶೋಕಿಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಮನೆಗಳ ಕೋವಿ ಹಾಗಲ್ಲ. ಅದು ಎಲ್ಲಿತ್ತು, ಯಾರ ಕೈಯಲ್ಲಿತ್ತು ಎನ್ನುವುದರಲ್ಲೇ ಅದರ ಬೆಲೆ. ಆ ಸರಣಿ ತುಂಡಾದರೆ ಅದು ಕಿಲೋ ಲೆಕ್ಕದ ಕಬ್ಬಿಣ.

ಇನ್ನೊಂದು ಗೊಂದಲ ನೀವು ಬಿಡಿಸಬೇಕು. ಅದೇ 1959ರ ಕಾಯಿದೆಯ 45ನೇ ಕಲಮಿನಲ್ಲಿ, ಹಳೇ ಮಾದರಿಯ ಅಥವಾ ಪುರಾತನ ಮೌಲ್ಯದ, ರಿಪೇರಿ ಮಾಡಿದರೂ ಸಿಡಿಯಲಾರದ ಆಯುಧಕ್ಕೆ ವಿನಾಯಿತಿ ಇದೆ. ಕೇಳಲಿಕ್ಕೆ ಚೆಂದ. ಆದರೆ ಸಿಡಿಯುವುದಿಲ್ಲ ಎಂದು ಬರೆದುಕೊಡುವವರು ಯಾರು, ಯಾರ ಹತ್ತಿರ ಹೋಗಬೇಕು ಎಂದು ಹಳ್ಳಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೇಳಲು ಹೋದರೆ ಕೇಸು ಬಿದ್ದೀತೆಂಬ ಹೆದರಿಕೆ. ಹೆದರಿದವರು ರಾತ್ರೋರಾತ್ರಿ ಬಾವಿಗೆ ಎಸೆಯುತ್ತಾರೆ, ಇಲ್ಲವೇ ಹಿತ್ತಾಳೆ ಬಿಚ್ಚಿ ಗುಜರಿಗೆ ಹಾಕುತ್ತಾರೆ. ಕನ್ನಡದಲ್ಲಿ ಒಂದು ಪುಟದ ಸೂಚನೆ ಹೊರಡಿಸಿ, ತಾಲೂಕಿಗೊಂದು ದಿನ ಇಟ್ಟು, ಲೈಸೆನ್ಸ್ ಇರುವ ಹಳೇ ಕೋವಿಗಳನ್ನು ತಂದು ತೋರಿಸಿ ಎಂದರೆ ಜನ ಬರುತ್ತಾರೆ. ಎಮ್ಮೆಯಂಥ ಕಥೆ ಇನ್ನೆಷ್ಟು ಸಿಗುತ್ತವೋ. ಈಗ ಇಟ್ಟುಕೊಂಡಿರುವವರ ಹೆಸರು, ಊರು ಮಾತ್ರ ಹೊರಗೆ ಬಿಡಬೇಡಿ. ಯಾವ ಮನೆಯಲ್ಲಿ ಕೋವಿ ಇದೆ ಎಂದು ಕಳ್ಳರಿಗೆ ನಾವೇ ದಾರಿ ತೋರಿಸಿದಂತಾದೀತು.

ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ನಿಲ್ಲಿಸಿದ್ದೀರಿ, ಈಗ ಅದರ ಪಕ್ಕ ಟುಪೊಲೆವ್ ವಿಮಾನವೂ ಬಂತು. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ, ಬಹಳ ಖುಷಿಪಟ್ಟ. ವಾಪಸ್ ಬರುವಾಗ ಕೇಳಿದ, "ಅಜ್ಜಾ, ನಮ್ಮನೆ ಕೋವಿನೂ ಅಲ್ಲಿ ಇಡ್ತ್ವಾ?" ಇಟ್ಟರೆ ಅದರ ಕೆಳಗೆ ಏನು ಬರೆಯುವುದು ಎಂಬ ಚಿಂತೆ ನನಗೆ. 1859ರಿಂದ ಕುಮಟಾದ ಮನೆಯವರೆಗೆ ಏನೂ ಗೊತ್ತಿಲ್ಲವಲ್ಲ.

ಬರುವ ತಿಂಗಳು ನಮ್ಮ ಲೈಸೆನ್ಸ್ ನವೀಕರಣಕ್ಕೆ ಕಾರವಾರಕ್ಕೆ ಬರುವವನಿದ್ದೇನೆ. ಅಜ್ಜನ ಪುಸ್ತಕದ ಕಡೇ ಹಾಳೆಯ ಜೆರಾಕ್ಸ್ ತರುತ್ತೇನೆ. 1941ಕ್ಕಿಂತ ಹಿಂದಿನ ಕುಮಟಾ ತಾಲೂಕಿನ ರಿಜಿಸ್ಟರ್ ಯಾವುದಾದರೂ ಕಪಾಟಿನಲ್ಲಿ ಉಳಿದಿದ್ದರೆ, ಧೂಳು ಹೊಡೆಯುವ ಕೆಲಸ ನನಗೇ ಬಿಡಿ. ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ನಾನೇ ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶಿರಸಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ