ಬೆಂಗಳೂರು ಮದುವೆಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂಬೈಯಿಂದ ಬೆಂಗಳೂರಿಗೆ ಎಷ್ಟು ಹೊತ್ತು ಅಂತ ತುಂಬಾ ಜನ ಕೇಳ್ತಿದ್ದೀರಿ. ವಿಮಾನದ ನೇರ ದಾರಿ ಸುಮಾರು 840 ಕಿ.ಮೀ. ಟಿಕೆಟ್‌ನಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ ಅಂತ ಇರುತ್ತದೆ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ ರಸ್ತೆಯಲ್ಲಿ ಹೋದರೆ ಸಾವಿರ ಕಿ.ಮೀ. ಹತ್ತಿರ.

ಆದರೆ ಒಂದೂಮುಕ್ಕಾಲು ಗಂಟೆ ನಂಬಿ ಮನೆ ಬಿಡಬೇಡಿ. ಡೊಂಬಿವಲಿಯಿಂದ ಏರ್‌ಪೋರ್ಟ್ ತಲುಪಲು ಸಂಜೆ ಟ್ರಾಫಿಕ್‌ನಲ್ಲಿ ಎರಡು ಗಂಟೆ ಬೇಕು. ಸಾಮಾನು ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಲ್ಲಿ ಇಳಿದ ಮೇಲೂ ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ. ಇದೆ. ಬಾಗಿಲಿಂದ ಬಾಗಿಲಿಗೆ ಏಳೆಂಟು ಗಂಟೆ ಇಟ್ಟುಕೊಳ್ಳಿ. ಟರ್ಮಿನಲ್ 1 ಸಾಂತಾಕ್ರೂಜ್ ಕಡೆ, 2 ಸಹಾರ್ ಕಡೆ. ಟಿಕೆಟ್ ನೋಡಿಯೇ ರಿಕ್ಷಾ ಹತ್ತಿ.

ಇನ್ನೊಂದು ಮುಖ್ಯ ಮಾತು. ಮಡಿಲಕ್ಕಿಗೆ ಅಂತ ಇಡೀ ಒಣಕೊಬ್ಬರಿ ಬ್ಯಾಗಿಗೆ ಹಾಕಬೇಡಿ. ಎಣ್ಣೆ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ, ಅದಕ್ಕೇ ಬಿಡುವುದಿಲ್ಲ. ಹೋದ ಸಲ ನಮ್ಮ ಅತ್ತೆ ಅರಿಶಿನ ಹಚ್ಚಿ ಜೋಡಿಸಿಟ್ಟ ಐದು ಗಿಟಕನ್ನೂ ಅಲ್ಲೇ ತೆಗೆಸಿದರು. ಅವರ ಮುಖ ನೋಡೋಕಾಗಲಿಲ್ಲ. ಕೊಬ್ಬರಿ ಬೆಂಗಳೂರಲ್ಲೇ ತೆಗೆದುಕೊಳ್ಳೋಣ.

ಹಿರಿಯರಿಗೆ ವ್ಹೀಲ್‌ಚೇರ್ ಬೇಕಿದ್ದರೆ ಇವತ್ತೇ ತಿಳಿಸಿ.