ಅಳಿಸಿದ ಆ ಒಂದು ಸಾಲು

ಕಾರವಾರ,
ಮೃಗಶಿರ ಮಳೆ ಹಿಡಿದ ನಾಲ್ಕನೇ ದಿನ

ಚಿ. ಪುಟ್ಟಿಗೆ ದೊಡ್ಡಮ್ಮನ ಅನೇಕ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಶಿರಸಿಯಲ್ಲೂ ಮಳೆ ಜೋರಾಗಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಕಾಲೇಜಿಗೆ ಹೋಗುವಾಗ ಕೊಡೆ ಮರೆಯಬೇಡ.

ಅಪ್ಪ ಮೊನ್ನೆ ಕೊಟ್ಟುಹೋದ ನಿನ್ನ ನೋಟ್‌ಬುಕ್ಕನ್ನು ಎರಡು ಸಲ ಓದಿದೆ. ಬೇಸಿಗೆ ರಜೆಯಲ್ಲಿ 11 ಪುಸ್ತಕ ಓದಿ, ಪ್ರತಿಯೊಂದಕ್ಕೂ ಎರಡೆರಡು ಪುಟ ಬರೆದಿದ್ದೀಯ. ಹಪ್ಪಳ ಸಂಡಿಗೆಯ ಗಡಿಬಿಡಿ, ಮನೆ ತುಂಬ ನೆಂಟರು, ಇದರ ನಡುವೆ ಇಷ್ಟು ಓದಿದ್ದಕ್ಕೆ ನನಗೆ ಎಷ್ಟು ಸಂತೋಷವಾಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದುವಾಗ ಈ ಮಾತು ನೆನಪಿಟ್ಟುಕೋ.

ನಿನ್ನ ಬರಹದಲ್ಲಿ ‘ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಅನ್ನುವ ಮಾತು ಏಳು ಕಡೆ ಬಂದಿದೆ. ‘ಓದುಗರ ಮನಸ್ಸನ್ನು ಸೆರೆಹಿಡಿಯುತ್ತದೆ’ ನಾಲ್ಕು ಕಡೆ. ಇವು ನಿನ್ನ ಮಾತಲ್ಲ ಪುಟ್ಟಿ, ಪುಸ್ತಕದ ಬೆನ್ನುಡಿಯ ಮಾತು. ನೀನು ಎದುರು ಕೂತು ಕಥೆ ಹೇಳುವಾಗ ಒಂದು ಸಲವೂ ಮನೋಜ್ಞ ಅಂದದ್ದನ್ನು ನಾನು ಕೇಳಿಲ್ಲ.

ಆದರೆ ಕಾರಂತರ ಕಾದಂಬರಿ ‘ಮರಳಿ ಮಣ್ಣಿಗೆ’ಯ ಬಗ್ಗೆ ಬರೆದ ಪುಟದಲ್ಲಿ ಬೇರೆ ಏನೋ ಇತ್ತು. ಆ ಪುಟದ ಮೂಲೆಯಲ್ಲಿ ಮುರುಗಲು ಹಣ್ಣಿನ ಕೆಂಪು ಕಲೆ. ಹಣ್ಣು ಒಡೆಯುತ್ತಾ ಓದಿದ್ದೀಯ ಅಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಟಾರ್ಚನ್ನು ಮಗ್ಗುಲಿನಿಂದ ಹಿಡಿದಾಗ ಪುಟದ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದು ರಬ್ಬರಿನಲ್ಲಿ ಅಳಿಸಿದ ಸಾಲಿನ ಗೀರು ಕಂಡಿತು. ಅಕ್ಷರ ಹೋಗಿತ್ತು, ಒತ್ತಿದ ಗುರುತು ಉಳಿದಿತ್ತು. ಕಥೆಯಲ್ಲಿ ತವರಿನಲ್ಲೇ ಉಳಿದ ವಿಧವೆ ಸರಸೋತಿಯ ಬಗ್ಗೆ ಬರೆದ ಸಾಲು ಅದು. ‘ಇಡೀ ಮನೆ ಸರಸೋತಿಯ ದುಡಿಮೆಯ ಮೇಲೆ ನಿಂತಿದೆ. ಅವಳಿಗೆ ಏನು ಬೇಕು ಅಂತ ಯಾರಾದರೂ ಕೇಳಿದರಾ?’

ಇದನ್ನು ಯಾಕೆ ಅಳಿಸಿದೆ? ಇಡೀ ನೋಟ್‌ಬುಕ್ಕಿನಲ್ಲಿ ನನಗೆ ನೀನು ಸಿಕ್ಕಿದ್ದು ಆ ಸಾಲಿನಲ್ಲಿ.

ನಾನೂ ನಿನ್ನ ವಯಸ್ಸಿನಲ್ಲಿ ಹೀಗೇ ಓದುತ್ತಿದ್ದೆ. ಲೈಬ್ರರಿಯಿಂದ ತಂದದ್ದನ್ನು ವಾರದೊಳಗೆ ಮುಗಿಸಿ, ಹೆಸರು, ತಾರೀಖು ಬರೆದಿಟ್ಟು, ಮುಂದಿನದಕ್ಕೆ ಓಡುವುದು. ಆ ವಹಿ ಈಗಲೂ ಕಪಾಟಿನಲ್ಲಿದೆ. ಒಂದು ವರ್ಷದಲ್ಲಿ 43 ಪುಸ್ತಕ. ಮೊನ್ನೆ ತೆಗೆದು ನೋಡಿದರೆ ಅರ್ಧಕ್ಕರ್ಧ ಪುಸ್ತಕಗಳ ಒಂದು ಪಾತ್ರದ ಹೆಸರೂ ನೆನಪಾಗಲಿಲ್ಲ. ನನಗೆ ಬಹಳ ಬೇಸರವಾಯಿತು. ಅಷ್ಟು ಸಂಜೆಗಳು ಎಲ್ಲಿ ಹೋದವು?

ಮರೆಯದೇ ಉಳಿದದ್ದು ‘ಮರಳಿ ಮಣ್ಣಿಗೆ’. ಅದು ಉಳಿಯುವುದಕ್ಕೆ ನಮ್ಮ ಸಣ್ಣಜ್ಜಿ ಕಾರಣ. ನನ್ನ ಅಪ್ಪನ ಸೋದರತ್ತೆ ಅವಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ತವರಿಗೆ ಮರಳಿದವಳು ಸಾಯುವವರೆಗೂ ಅಘನಾಶಿನಿ ದಂಡೆಯ ನಮ್ಮ ಮನೆಯ ಒಲೆಯ ಮುಂದೆಯೇ ಇದ್ದಳು. ಓದು ಬಾರದು. ನಾನು ಪುಸ್ತಕ ಹಿಡಿದು ಕೂತರೆ, ‘ಬಾಯಿಬಿಟ್ಟು ಓದೇ, ನನಗೂ ಕೇಳಲಿ’ ಅನ್ನುತ್ತಿದ್ದಳು. ಹಾಗಾಗಿ ಆ ಕಾದಂಬರಿಯನ್ನು ಅವಳಿಗೆ ಓದಿ ಹೇಳಿದೆ, ದಿನಕ್ಕೆ ಹತ್ತು ಹದಿನೈದು ಪುಟ, ಒಂದು ಮಳೆಗಾಲ ಪೂರ್ತಿ.

ಕೋಡಿ ಅನ್ನುವ ಊರು ಹೊಳೆ ಮತ್ತು ಸಮುದ್ರದ ನಡುವೆ ಇದೆ ಅಂತ ಓದಿದ್ದೇ ತಡ, ಅವಳು ತಡೆದಳು. ‘ಹಾಗಾದರೆ ಗದ್ದೆಗೆ ಉಪ್ಪುನೀರು ನುಗ್ಗುತ್ತದಲ್ಲ, ಅವರೂ ಕಗ್ಗವನ್ನೇ ಬಿತ್ತುತ್ತಿದ್ದರಾ?’ ನೀನು ಘಟ್ಟದ ಮೇಲೆ ಬೆಳೆದವಳು, ಕಗ್ಗ ಕಂಡಿರಲಿಕ್ಕಿಲ್ಲ. ಕುಮಟಾ ಕಡೆಯ ಗಜನಿ ಅನ್ನುವ ತಗ್ಗು ಗದ್ದೆಗಳಲ್ಲಿ ಬೆಳೆಯುವ ಭತ್ತ ಅದು. ಸಮುದ್ರದ ಭರತದ ಉಪ್ಪುನೀರು ಹೊಕ್ಕರೂ ತಡೆದುಕೊಳ್ಳುತ್ತದೆ, ಎದೆಯೆತ್ತರಕ್ಕೆ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಮಾಣಿಕಟ್ಟೆಯಲ್ಲಿ ಈಗಲೂ ಕಗ್ಗ ಬೆಳೆಯುವವರಿದ್ದಾರೆ. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಊರು ನನಗೆ ಕಾಗದದ ಊರಾಗಿ ಉಳಿಯಲಿಲ್ಲ.

ಸರಸೋತಿಯ ಭಾಗ ಬಂದಾಗ ಅವಳು ಏನೂ ಕೇಳುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ನಾನು ಪುಸ್ತಕ ಮುಚ್ಚಿಟ್ಟು ಎದ್ದಾಗ, ‘ಇದನ್ನು ಬರೆದವರಿಗೆ ನಮ್ಮ ವಿಷಯ ಹೇಗೆ ತಿಳಿಯಿತೇ?’ ಅಂದಳು. ಅವಳು ಹಾಗೆ ‘ನಮ್ಮ ವಿಷಯ’ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಿನಗೇನು ಬೇಕಿತ್ತು ಸಣ್ಣಜ್ಜಿ ಅಂತ ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ನೀನು ಅಳಿಸಿದ ಪ್ರಶ್ನೆ ನಾನು ಕೇಳದೇ ಬಿಟ್ಟ ಪ್ರಶ್ನೆಯೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದಕ್ಕೆ ನನ್ನ ಮಾತು ಇಷ್ಟೇ. ಮುಂದಿನ ರಜೆಗೆ 11 ಬೇಡ, ಮೂರು ಸಾಕು. ಕಥಾಸಾರ ಬರೆಯುವುದನ್ನು ಬಿಡು. ಎಲ್ಲಿ ಓದು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದೆಯೋ ಆ ಜಾಗ ಬರೆ, ಯಾಕೆ ಅಂತ ಗೊತ್ತಿಲ್ಲದಿದ್ದರೂ ಬರೆ. ನಿಮ್ಮ ಮನೆಯ ಅಜ್ಜಿಗೆ ಈಗ ಕಣ್ಣಿನ ಪೊರೆಯಿಂದ ಪೇಪರು ಓದಲಾಗುವುದಿಲ್ಲವಂತಲ್ಲ. ದೀಪ ಹಚ್ಚಿದ ಮೇಲೆ ದಿನಾ ಹತ್ತು ಪುಟ ಅವರ ಹತ್ತಿರ ಕೂತು ಓದು. ಅವರು ತಡೆದು ಏನಾದರೂ ಹೇಳಿದರೆ ಬೇಸರ ಮಾಡಿಕೊಳ್ಳಬೇಡ, ಆ ಮಾತನ್ನೂ ಬರೆದಿಟ್ಟುಕೋ.

ಯಶವಂತ ಚಿತ್ತಾಲರ ಕಾದಂಬರಿ ‘ಶಿಕಾರಿ’ಯ ಬಗ್ಗೆ ‘ನನಗೆ ಅರ್ಥವಾಗಲಿಲ್ಲ’ ಅಂತ ಒಂದೇ ಸಾಲು ಬರೆದು, ಅದಕ್ಕೂ ಕ್ಷಮೆ ಕೇಳಿದ್ದೀಯ. ಕ್ಷಮೆ ಯಾಕೆ? ಅದು ಪ್ರಾಮಾಣಿಕ ಸಾಲು. ಮುಂಬಯಿಯ ಕಂಪನಿ, ಅಲ್ಲಿಯ ಭಯ, ಸಂಶಯ, ಇವೆಲ್ಲ ನಿನಗೆ ಕೆಲಸಕ್ಕೆ ಸೇರಿದ ಮೇಲೆ ತಿಳಿಯುತ್ತದೆ. ಈಗ ಚಿತ್ತಾಲರು ತಮ್ಮ ಹನೇಹಳ್ಳಿಯ ಬಗ್ಗೆ ಬರೆದ ಕಥೆಗಳನ್ನು ಓದು. ಗೋಕರ್ಣದ ಹತ್ತಿರದ ಊರು, ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು.

ಇನ್ನು ರವೀಂದ್ರನಾಥ ಠಾಕೂರರು. ಅವರ ಆತ್ಮಕಥೆಯ ಬಗ್ಗೆ ಬರೆಯುತ್ತಾ 1913ರ ನೊಬೆಲ್, ಶಾಂತಿನಿಕೇತನ ಎಲ್ಲ ಬರೆದಿದ್ದೀಯ. ಅದೇ ಪುಸ್ತಕದಲ್ಲಿ ಕಾರವಾರದ ಅಧ್ಯಾಯ ಇರುವುದನ್ನು ಮಾತ್ರ ಬಿಟ್ಟೆ! ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ರವೀಂದ್ರರಿಗೆ ಆಗ 22 ವರ್ಷ. ಬೆಳದಿಂಗಳಲ್ಲಿ ಸಣ್ಣ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ, ಬೆಟ್ಟದ ಮೇಲಿನ ಹಳೇ ಕೋಟೆ ನೋಡಿ, ಒಬ್ಬ ರೈತನ ಮನೆಯ ಗುಡಿಸಿದ ಅಂಗಳದಲ್ಲಿ ಕೂತು ತಾವು ತಂದದ್ದನ್ನು ತಿಂದು, ಹರಿವಿನ ಜೊತೆ ಮರಳಿ, ಅಳಿವೆಯಲ್ಲಿ ದೋಣಿ ಇಳಿದು ಮರಳಿನ ಮೇಲೆ ಮನೆಗೆ ನಡೆದರಂತೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲೇ. ನೀನು ಚಿಕ್ಕವಳಿದ್ದಾಗ ಶಂಖ ಆರಿಸಿದ ಕಡಲತೀರಕ್ಕೆ ಈಗ ಅವರದೇ ಹೆಸರು. ಅವರು ಬರೆದ ಗಾಳಿಮರಗಳ ಕಾಡು ಈಗ ಆಗಿನಂತಿಲ್ಲ. ಮರಳು, ಅಳಿವೆ, ಹುಣ್ಣಿಮೆ ಇವೆ.

ದಸರಾ ರಜೆಗೆ ಬಾ. ಸೀಗೆ ಹುಣ್ಣಿಮೆಯವರೆಗೂ ನಿಲ್ಲು, ಅಮ್ಮನಿಗೆ ನಾನು ಹೇಳುತ್ತೇನೆ. ಪುಸ್ತಕವನ್ನೂ ತಾ. ಊಟ ಕಟ್ಟಿಕೊಂಡು ಅಳಿವೆಯ ಹತ್ತಿರದ ಕೋಡಿಬಾಗದ ಕಡೆ ನಡೆದು ಹೋಗೋಣ, ಆ ಅಧ್ಯಾಯವನ್ನು ನೀನು ಓದು, ನಾನು ಕೇಳುತ್ತೇನೆ. ಬರೇ ನಾಲ್ಕು ಪುಟ.

ನೋಟ್‌ಬುಕ್ಕನ್ನು ಇದರ ಜೊತೆಗೇ ಕಳಿಸಿದ್ದೇನೆ. ಎಲ್ಲೂ ಕೆಂಪು ಪೆನ್ನು ಆಡಿಸಿಲ್ಲ. ಸರಸೋತಿಯ ಪುಟಕ್ಕೆ ಒಂದು ದಾರ ಇಟ್ಟಿದ್ದೇನೆ. ಆ ಸಾಲನ್ನು ಈ ಸಲ ಪೆನ್ನಿನಲ್ಲಿ ಬರೆ. ಡಬ್ಬದಲ್ಲಿರುವ ಒಣಗಿಸಿದ ಮುರುಗಲು ಸಿಪ್ಪೆ ಅಮ್ಮನಿಗೆ, ಸಣ್ಣಜ್ಜಿಯ ನೆನಪು ಅವಳಿಗೂ ಇರಬೇಕು, ಕೇಳು.

ನಿನ್ನ ಪ್ರೀತಿಯ,
ದೊಡ್ಡಮ್ಮ