ಹಂಡೆ ಇಲ್ಲದ ಊರಲ್ಲಿ ನೀರು ತುಂಬುವ ಹಬ್ಬ

ಪ್ರಿಯ ಓದುಗರೇ,

ದೀಪಾವಳಿ ಬಂತು. ಸ್ವಿಟ್ಜರ್ಲೆಂಡಿನ ಫ್ಲ್ಯಾಟಿಗೆ ಹಂಡೆ ಎಲ್ಲಿಂದ ತರೋದು? ಕಳೆದ ವರ್ಷ ನರಕ ಚತುರ್ದಶಿ ಬೆಳಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಶವರ್ ಕೆಳಗೆ ನಿಂತೆ. ಅವತ್ತೇ ಕಟ್ಟಡದ ಬಾಯ್ಲರ್ ಕೈಕೊಡಬೇಕಾ! ಆ ಜಿಡ್ಡು ಸಂಜೆವರೆಗೂ ಹೋಗಲಿಲ್ಲ. ವಾರಾಂತ್ಯಕ್ಕೆ ಎಲ್ಲರೂ ಬಿಸಿನೀರಿನ ಬುಗ್ಗೆಗೆ ಹೆಸರಾದ ಬಾಡ್ ರಾಗಾಟ್ಸ್ ಊರಿನ ರೈಲು ಹತ್ತಿದೆವು.

ಊರಿಂದ ಟಮಿನಾ ಹೊಳೆಯ ಪಕ್ಕ ಒಂದು ಗಂಟೆ ನಡೆದರೆ ಕಮರಿ ಸಿಗುತ್ತದೆ. ಎರಡೂ ಕಡೆಯ ಬಂಡೆಗಳು ತಲೆ ಮೇಲೆ ಮುಟ್ಟಿಕೊಳ್ಳುವಷ್ಟು ಹತ್ತಿರ. ಕೆಳಗೆ ಕೊರೆಯುವಂಥ ತಣ್ಣೀರು. ಕೊನೆಗೊಂದು ಸುರಂಗ. ಒಳಗೆ ಕಾಲಿಟ್ಟರೆ ಕನ್ನಡಕಕ್ಕೆಲ್ಲ ಹಬೆ, ಥೇಟ್ ಊರಿನ ಬಚ್ಚಲುಮನೆ ಬಾಗಿಲು ತೆಗೆದ ಹಾಗೆ. ಸೌದೆ ಹೊಗೆಯೊಂದಿಲ್ಲ, ಗಂಧಕದ ನಾತವೂ ಇಲ್ಲ. ನೀರು 36.5 ಡಿಗ್ರಿ, ಹೆಚ್ಚು ಕಡಿಮೆ ನಮ್ಮ ಮೈಯಷ್ಟೇ ಬಿಸಿ. ನಮ್ಮಜ್ಜಿ ಇದನ್ನು ಎಣ್ಣೆಸ್ನಾನದ ನೀರು ಅಂತ ಖಂಡಿತ ಒಪ್ಪುತ್ತಿರಲಿಲ್ಲ.

ಮಳೆ, ಹಿಮದ ನೀರು ಬೆಟ್ಟದ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿಯ ಕಾವಿಗೆ ಬಿಸಿಯಾಗಿ ಮೇಲೆ ಬರುತ್ತದೆ. ಒಲೆ ಊದುವ ಕೆಲಸವೇ ಇಲ್ಲ. ಪುತ್ತೂರಿನವರು 'ನಮ್ಮ ಇರ್ದೆಯ ಬಿಸಿನೀರ ಬುಗ್ಗೆ, ಬೆಂದ್ರು ತೀರ್ಥ, ಇಲ್ವಾ' ಅನ್ನಬಹುದು. ಇದೆ ಸ್ವಾಮಿ, ಮರೆತಿಲ್ಲ.

1240ರ ಸುಮಾರಿಗೆ ಪಕ್ಕದ ಫೇಫರ್ಸ್ ಕ್ರೈಸ್ತ ಮಠದ ಬೇಟೆಗಾರರು ಈ ಬುಗ್ಗೆ ಕಂಡರಂತೆ. ಆಮೇಲೆ ರೋಗಿಗಳು ಬರತೊಡಗಿದರು. ದಾರಿ ಎಲ್ಲಿತ್ತು? ಹಗ್ಗ ಕಟ್ಟಿ ಕಮರಿಗೆ ಇಳಿಸುತ್ತಿದ್ದರು! ಒಮ್ಮೆ ಇಳಿದವರು ದಿನಗಟ್ಟಲೆ ನೀರಲ್ಲೇ. ಊಟ, ನಿದ್ದೆ ಎಲ್ಲ ಅಲ್ಲೇ. ಮತ್ತೆ ಹಗ್ಗ ಹಿಡಿಯೋದಕ್ಕಿಂತ ಕೂತಿರೋದೇ ವಾಸಿ ಅನ್ನಿಸಿರಬೇಕು, ಅಲ್ವಾ? 1535ರಲ್ಲಿ ವೈದ್ಯ ಪ್ಯಾರಾಸೆಲ್ಸಸ್ ಇಲ್ಲಿನ ನೀರಿನ ಗುಣದ ಬಗ್ಗೆ ಬರೆದ. 1840ರಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಕೊಳವೆ ಹಾಕಿ ನೀರನ್ನೇ ಕೆಳಗಿನ ರಾಗಾಟ್ಸ್‌ಗೆ ತಂದರು. ಆಮೇಲೆ ರೈಲು ಬಂತು, ರೈಲಿನ ಹಿಂದೆ ದುಡ್ಡಿದ್ದವರು ಬಂದರು, ದೊಡ್ಡ ಹೋಟೆಲ್‌ಗಳೆದ್ದವು. ನನಗಂತೂ ಹಗ್ಗದ ಕಾಲದ ಕಥೆಯೇ ಜಾಸ್ತಿ ಇಷ್ಟ.

ಹೋಗುವವರಿಗೆ ಒಂದು ಮಾತು. ಎಣ್ಣೆ ಮನೆಯಲ್ಲೇ ತೊಳೆದುಕೊಂಡು ಹೋಗಿ. ರಾಗಾಟ್ಸ್‌ನ ಸ್ನಾನದ ಕೊಳದಲ್ಲಿ ಮೆಲ್ಲಗೆ ಮಾತಾಡಿ. ನಾವು ಪಿಸುಗುಟ್ಟುತ್ತಲೇ ಕೂತಿದ್ದೆವು, ನನ್ನ ಮಗಳು ಗಟ್ಟಿಯಾಗಿ ಕೇಳಿಯೇಬಿಟ್ಟಳು: "ಅಪ್ಪಾ, ಇಷ್ಟೊಂದು ಬಿಸಿನೀರಿದೆ, ಚೊಂಬೆಲ್ಲಿ?"

— ಸಂಪಾದಕ